ಕುದುರೆ, ಬಿರಡೆ, ಒಂದೆಳೆ ದಾರ

ಅಗ್ಗದ ತಂಬೂರಿಯ ಗುಣಲಕ್ಷಣಗಳನ್ನು ರಾಯಚೂರು ಸೀಮೆಯ ಭಜನೆಯವರಿಗೆ ಹೇಳಿಕೊಡಬೇಕಿಲ್ಲ. ಬಣ್ಣ ಢಾಳಾಗಿರುತ್ತದೆ, ತಿರುವಿದ ಬಿರಡೆ ತಿರುವಿದಲ್ಲಿ ನಿಲ್ಲುವುದಿಲ್ಲ, ಮೀಟಿದರೆ ‘ಟಣ್’ ಎಂದ ನಾದ ಅಲ್ಲೇ ಸತ್ತುಹೋಗುತ್ತದೆ. ದಾಸರ ಪದ, ತತ್ವಪದ ಹಾಡುವವರನ್ನು ಹುಡುಕಿಕೊಂಡು ಸಂಶೋಧನೆಗಾಗಿ ಮಾನ್ವಿ, ದೇವದುರ್ಗದ ಊರುಗಳನ್ನು ಸುತ್ತುತ್ತಿದ್ದಾಗ ಅಂಥದ್ದೊಂದನ್ನು ರಾಯಚೂರಿನಲ್ಲಿ ಕೊಂಡೆ. ಒಳ್ಳೆಯದನ್ನು ಕೊಳ್ಳಲು ಫೆಲೋಶಿಪ್ ಹಣ ಸಾಲುತ್ತಿರಲಿಲ್ಲ. ಹಾಗಾಗಿ ಇದ್ದುದರ ಬಿಡಿಭಾಗಗಳನ್ನೇ ಒಂದೊಂದಾಗಿ ಬದಲಿಸುತ್ತ ಹೋದೆ.

ಈ ನೆಲಕ್ಕೂ ತಂಬೂರಿಗೂ ಹಳೆಯ ನಂಟು. ವಿಜಯದಾಸರ ಚೀಕಲಪರ್ವಿ ಮಾನ್ವಿ ತಾಲೂಕಿನದು, ಅವರ ಶಿಷ್ಯ ಗೋಪಾಲದಾಸರ ಮೊಸರಕಲ್ಲು ದೇವದುರ್ಗದ್ದು. ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು ಬಾಳಿದ್ದು ಮಾನ್ವಿಯಲ್ಲೇ. ಪಟಗಳಲ್ಲಿ ದಾಸರ ಕೈಯಲ್ಲಿ ತಂಬೂರಿ ಇದ್ದೇ ಇರುತ್ತದೆ. ಅದರ ತಂತಿ ಯಾರು ಬದಲಿಸುತ್ತಿದ್ದರು ಎಂದು ಮಾತ್ರ ನಾವು ಕೇಳುವುದಿಲ್ಲ.

ಮೊದಲು ತಂತಿ. ಮೂರು ಉಕ್ಕಿನವು, ಮಂದ್ರ ಷಡ್ಜಕ್ಕೆ ಒಂದು ಹಿತ್ತಾಳೆಯದು. ತುಕ್ಕು ಹಿಡಿದ ತಂತಿ ತೆಗೆದು ಹೊಸದು ಹಾಕಿದರೆ ಅರ್ಧ ಜಡ್ಡು ಬಿಡುತ್ತದೆ. ಖರ್ಚೂ ಕಡಿಮೆ.

ನಂತರ ಕುದುರೆ. ಬುರುಡೆಯ ಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ಪುಟ್ಟ ಮಣೆ ಅದು. ಅಗ್ಗದ ವಾದ್ಯದಲ್ಲಿ ಮೆದು ಮರದ್ದಿರುತ್ತದೆ. ತಂತಿ ಅದನ್ನು ಕೊರೆದು ಗೀರಿನೊಳಗೆ ಕೂತುಬಿಟ್ಟರೆ ನಾದ ಮೇಲೇಳುವುದಿಲ್ಲ. ದೇವದುರ್ಗದ ಬಡಗಿಯೊಬ್ಬರು ಹಳೆ ಬಾಗಿಲ ಚೌಕಟ್ಟಿನ ಬೀಟೆಯ ತುಂಡಿನಲ್ಲಿ ಹೊಸದು ಮಾಡಿಕೊಟ್ಟರು. ಕಷ್ಟ ಇದ್ದದ್ದು ಅದರ ಮೇಲ್ಮೈಯಲ್ಲಿ. ಅದು ಸಪಾಟಾಗಿರಕೂಡದು, ಕಣ್ಣಿಗೆ ಕಾಣದಷ್ಟು ಇಳಿಜಾರಿರಬೇಕು. ಉಜ್ಜುವುದು, ತಂತಿ ಬಿಗಿಯುವುದು, ಕೇಳುವುದು, ಮತ್ತೆ ಬಿಚ್ಚಿ ಉಜ್ಜುವುದು. ತಂಬೂರಿ ತಯಾರಿಕೆಗೆ ಹೆಸರಾದ ಮಿರಜಿನಲ್ಲಿ ಈ ಕೆಲಸಕ್ಕೆ ‘ಜವಾರಿ’ ಎನ್ನುತ್ತಾರೆ ಎಂದಾಗ ಬಡಗಿ ನಕ್ಕರು. ಅವರಿಗೆ ಜವಾರಿ ಎಂದರೆ ಜೋಳ, ಕೋಳಿ.

ಕೊನೆಗೆ ಜೀವಾಳಿ. ಕುದುರೆಗೂ ತಂತಿಗೂ ನಡುವೆ ಸಿಕ್ಕಿಸುವ ಹತ್ತಿಯ ಎಳೆ. ಕೂದಲೆಳೆಯಷ್ಟು ಆಚೀಚೆ ಸರಿಸುತ್ತ ಹೋದರೆ ಒಂದು ಕಡೆ ನಾದ ತಟ್ಟನೆ ಅರಳುತ್ತದೆ. ಮೀಟಿದ್ದು ಒಂದೇ ತಂತಿಯಾದರೂ ಒಳಗಿನಿಂದ ಹಲವು ಸ್ವರಗಳು ಏಳುತ್ತವೆ. ಸಿ.ವಿ. ರಾಮನ್ 1921ರಲ್ಲೇ ಇದರ ಬಗ್ಗೆ ಬರೆದಿದ್ದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಯಾವ ಉಪಸ್ವರ ಹುಟ್ಟಬಾರದು ಎಂದು ಯುರೋಪಿನ ನಿಯಮ ಹೇಳುತ್ತದೋ, ಆ ಉಪಸ್ವರವೂ ತಂಬೂರಿಯಲ್ಲಿ ಕೇಳಿಸುತ್ತದೆ. ಕಾರಣ ಕುದುರೆಯ ಆ ಇಳಿಜಾರು ಮತ್ತು ಎಳೆ. ಬುರುಡೆಯ ಬೆಲೆಗೂ ಈ ಗುಟ್ಟಿಗೂ ಸಂಬಂಧವಿಲ್ಲ.

ದೂರದ ಪ್ಯಾರಿಸ್ಸಿನ ಜಿಪ್ಸಿ ಜಾಝ್ ಗಿಟಾರಿನ ಕಥೆಯೂ ಹೀಗೇ ಇದೆ. ಸೆಲ್ಮರ್ ಕಂಪನಿ 1932ರಲ್ಲಿ ಹೊರತಂದು, ಮುಂದೆ ಜಾಂಗೋ ರೈನ್‌ಹಾರ್ಟ್ ಪ್ರಸಿದ್ಧಗೊಳಿಸಿದ ಆ ಗಿಟಾರಿನ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಯ ಒತ್ತಡವೇ ಹಿಡಿದು ನಿಲ್ಲಿಸುತ್ತದೆ. ಮೂಲ ಸೆಲ್ಮರ್ ಕೈಗೆಟುಕದವರು ಅಗ್ಗದ ನಕಲು ಕೊಂಡು ಮೊದಲು ತಂತಿ, ಕುದುರೆ, ಬಿರಡೆ ಬದಲಿಸುತ್ತಾರೆ. ಮರ ಬದಲಿಸಲಾಗದವರು ಮರ ಮತ್ತು ತಂತಿ ಸೇರುವ ಜಾಗವನ್ನು ತಿದ್ದುತ್ತಾರೆ. ನಮ್ಮ ಏಕತಾರಿಯವರೂ ಮಾಡಿಕೊಂಡು ಬಂದದ್ದು ಇದನ್ನೇ.

ಈಗ ಮೊಬೈಲಿನಲ್ಲೇ ತಂಬೂರಿ ಸಿಗುತ್ತದೆ. ಅದರ ಶ್ರುತಿ ತಪ್ಪುವುದಿಲ್ಲ, ಖರ್ಚಿಲ್ಲ, ಹಾಗಿದ್ದೂ ಈ ಉಸಾಬರಿ ಯಾಕೆ ಎಂದು ಸ್ನೇಹಿತರು ಕೇಳುತ್ತಾರೆ. ಮಾನ್ವಿ ಕಡೆಯ ಹಿರಿಯ ಹಾಡುಗಾರರೊಬ್ಬರ ಮಾತು ನನಗೆ ಉತ್ತರವಾಗಿ ಉಳಿದಿದೆ. ಮೊಬೈಲ್ ಬಂದಮೇಲೆ ಮೊಮ್ಮಗ ಪದ ಕಲಿತನಂತೆ, ಶ್ರುತಿ ಕೂಡಿಸುವುದನ್ನು ಕಲಿಯಲಿಲ್ಲವಂತೆ. ತಪ್ಪದ ಶ್ರುತಿಯನ್ನು ಕೂಡಿಸುವ ಅಗತ್ಯವೇ ಬೀಳುವುದಿಲ್ಲ. ಕೂಡಿಸದ ಕಿವಿ ತಪ್ಪನ್ನು ಗುರುತಿಸಲು ಎಲ್ಲಿ ಕಲಿಯಬೇಕು? ನಾನು ಧ್ವನಿಮುದ್ರಿಸಿಕೊಂಡ ಪದಗಳು ಉಳಿಯುತ್ತವೆ. ಆ ಕಿವಿ ಧ್ವನಿಮುದ್ರಣದಲ್ಲಿ ಬರುವುದಿಲ್ಲ.

ನನ್ನ ತಂಬೂರಿಯ ಬುರುಡೆ, ದಂಡಿ ಇನ್ನೂ ಅವೇ. ನಾದ ಮಾತ್ರ ಈಗ ಬೇಗ ಸಾಯುವುದಿಲ್ಲ. ರಾಯಚೂರಿನ ಬೇಸಿಗೆಗೆ ಮರ ಒಣಗಿ ಬಿರಡೆ ಸಡಿಲಾದಾಗ ಸೀಮೆಸುಣ್ಣ ಸವರಿ ಮತ್ತೆ ಬಿಗಿಯುತ್ತೇನೆ. ದಾರ ಸವೆದರೆ ಅಂಗಿಯ ಅಂಚಿನದೇ ಒಂದು ಎಳೆ ಸಾಕು.