ಕಪ್ಪು ಗಾಜು ಮತ್ತು ಅವ್ವನ ಬಿಸಿಲು

ಕಪ್ಪು ಗಾಜಿನ ಕಾರು ಅಂದ ಕೂಡಲೇ ನಮ್ಮ ಕಣ್ಮುಂದೆ ಬರುವುದು ಬಿಳೀ ಬಣ್ಣದ ದೊಡ್ಡ ಗಾಡಿ, ಒಳಗೆ ಬಿಳೀ ಅಂಗಿ ತೊಟ್ಟ ಯಾರೋ ದೊಡ್ಡ ಮನುಷ್ಯರು. ಒಳಗಿರುವವರು ಯಾರು ಅಂತ ಕಾಣಬಾರದು, ಆದರೆ ಯಾರೋ ಇದ್ದಾರೆ ಅಂತ ಊರಿಗೆಲ್ಲ ಗೊತ್ತಾಗಬೇಕು! ನನಗೂ ಅದರ ಬಗ್ಗೆ ಇದ್ದ ಅಭಿಪ್ರಾಯ ಅಷ್ಟೇ. ಅದರ ಕಾನೂನನ್ನು ಕೂತು ಓದುವ ಪ್ರಸಂಗ ಬಂದದ್ದು ಅವ್ವನಿಂದ.

ಅವ್ವನಿಗೆ ಲೂಪಸ್ ಇದೆ. ಬಿಸಿಲು ತಾಗಿತೋ ಕೆನ್ನೆ ಕೆಂಪೇಳುತ್ತದೆ, ಕೀಲುಗಳು ಹಿಡಿದುಕೊಳ್ಳುತ್ತವೆ, ಎರಡು ದಿನ ಹಾಸಿಗೆ. ಡಾಕ್ಟರು ಮಾತ್ರೆ ಬರೆಯುವ ಮೊದಲೇ ಹೇಳಿದ್ದು, "ಬಿಸಿಲಿಗೆ ಮಾತ್ರ ಹೋಗಬ್ಯಾಡ್ರಿ". ಆದರೆ ನಮ್ಮ ಮನೆ ಧಾರವಾಡದಲ್ಲಿ, ಅವಳು ಕನ್ನಡ ಕಲಿಸುವ ಶಾಲೆ ಹುಬ್ಬಳ್ಳಿಯಲ್ಲಿ. ರಿಟೈರ್ ಆಗಲು ಇನ್ನೂ ನಾಲ್ಕು ವರ್ಷ. ನನ್ನ ಆಫೀಸೂ ಹುಬ್ಬಳ್ಳಿಯಲ್ಲೇ ಇರುವುದರಿಂದ ಇಬ್ಬರೂ ಒಂದೇ ಕಾರಿನಲ್ಲಿ ಹೋಗಿಬರುತ್ತೇವೆ. ಒಂದು ಕಡೆಗೆ ಸುಮಾರು 20 ಕಿಲೋಮೀಟರ್.

ಇಲ್ಲೊಂದು ತಮಾಷೆ ಇದೆ. ಧಾರವಾಡದಿಂದ ಹುಬ್ಬಳ್ಳಿ ಇರುವುದು ಆಗ್ನೇಯಕ್ಕೆ. ಬೆಳಿಗ್ಗೆ ಹೋಗುವಾಗ ಸೂರ್ಯ ಎಡಗಡೆ. ಸಂಜೆ ವಾಯವ್ಯಕ್ಕೆ ಮುಖ ಮಾಡಿ ವಾಪಸು ಬರುವಾಗಲೂ ಎಡಗಡೆಯೇ! ಹುಬ್ಬಳ್ಳಿಯಲ್ಲಿದ್ದು ಧಾರವಾಡಕ್ಕೆ ಕೆಲಸಕ್ಕೆ ಬರುವವರಿಗೆ ಎರಡೂ ಹೊತ್ತು ಬಲಗಡೆ. ಇದನ್ನು ಲೆಕ್ಕ ಹಾಕಿದ ಮೇಲೆ ಅವ್ವನನ್ನು ಡ್ರೈವರ್ ಸೀಟಿನ ಹಿಂದೆ ಕೂರಿಸತೊಡಗಿದೆ. ನೋಡಿದವರು ನನ್ನನ್ನು ಡ್ರೈವರ್ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ :) ಆದರೆ ನೆರಳಿನ ಬದಿಯಲ್ಲಿ ಕೂತರೂ ಆಕಾಶದಿಂದ ಚದುರಿ ಬರುವ ಅತಿನೇರಳೆ ಕಿರಣ ತಪ್ಪುವುದಿಲ್ಲ. ಮುಂದಿನ ದೊಡ್ಡ ಗಾಜು ಎರಡು ಪದರದ್ದು. ನಡುವಿನ ಪ್ಲಾಸ್ಟಿಕ್ ಹಾಳೆ ಅತಿನೇರಳೆಯ ಹೆಚ್ಚುಪಾಲನ್ನು ತಡೆಯುತ್ತದೆ. ಪಕ್ಕದ ಕಿಟಕಿಗಳಿಗೆ ಸಾಮಾನ್ಯವಾಗಿ ಆ ಹಾಳೆ ಇರುವುದಿಲ್ಲ. ಸರಿ, ಪಕ್ಕದ ಕಿಟಕಿಗಳಿಗೆ ಫಿಲ್ಮ್ ಹಾಕಿಸೋಣ ಅಂತ ಹೊರಟೆ.

ಅಂಗಡಿಯವನ ಉತ್ತರ ರೆಡಿ ಇತ್ತು. "50ರ ಫಿಲ್ಮ್ ಹಾಕಸ್ರಿ ಸರ, ಲೀಗಲ್ ಐತಿ."

ಅವನು ಹೇಳಿದ 50 ಬಂದದ್ದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಿಂದ. ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ. 70, ಪಕ್ಕದ ಗಾಜು ಕನಿಷ್ಠ ಶೇ. 50 ಬೆಳಕನ್ನು ಒಳಗೆ ಬಿಡಬೇಕು. ಆದರೆ ಈ ಲೆಕ್ಕ ಗಾಜು, ಫಿಲ್ಮ್ ಎರಡೂ ಸೇರಿ. ಕಂಪನಿಯಿಂದ ಬಂದ ಗಾಜೇ ಶೇ. 75 ಬೆಳಕು ಬಿಡುತ್ತದೆ ಅಂತಿಟ್ಟುಕೊಳ್ಳಿ. ಅದರ ಮೇಲೆ 50ರ ಫಿಲ್ಮ್ ಹಚ್ಚಿದರೆ 75ರಲ್ಲಿ ಅರ್ಧ, ಅಂದರೆ 37.5. 70ರ ಫಿಲ್ಮ್ ಆದರೆ 52.5, ಹೇಗೋ ಪಾಸು. ಗಾಜೇ 70ರದ್ದಾದರೆ ಅದೇ ಫಿಲ್ಮಿಗೆ 49, ಒಂದೇ ಅಂಕದಲ್ಲಿ ಫೇಲು! ಇದನ್ನೆಲ್ಲ ವಿವರಿಸಿದ್ದಕ್ಕೆ ಅಂಗಡಿಯವನು, "ಇಷ್ಟೆಲ್ಲಾ ಯಾರ ನೋಡ್ತಾರ್ರೀ?" ಅಂದ.

ಅವನು ಹೇಳಿದ್ದರಲ್ಲಿ ಸತ್ಯವಿದೆ. ಅವಿಷೇಕ್ ಗೋಯೆಂಕಾ ಎಂಬುವರ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 27ರಂದು ಕೊಟ್ಟ ತೀರ್ಪು ಶೇಕಡಾ ಲೆಕ್ಕವನ್ನೇ ಪಕ್ಕಕ್ಕಿಟ್ಟಿತು. ಗಾಜು ತಯಾರಾಗುವಾಗಲೇ ಅಷ್ಟು ಬೆಳಕು ಬಿಡುವಂತಿರಬೇಕು, ಆಮೇಲೆ ಅದರ ಮೇಲೆ ಎಷ್ಟೇ ತೆಳುವಾದ ಕಪ್ಪು ಫಿಲ್ಮನ್ನಾಗಲೀ ಬೇರೆ ಯಾವುದೇ ವಸ್ತುವನ್ನಾಗಲೀ ಹಚ್ಚುವಂತಿಲ್ಲ ಅಂತ. ಆ ವರ್ಷದ ಮೇ 4ರಿಂದ ಜಾರಿ. ಕೋರ್ಟಿನ ಕಾಳಜಿ ಸುಳ್ಳಲ್ಲ. ಗಾಜಿನ ಹಿಂದೆ ಏನು ನಡೆಯುತ್ತಿದೆ ಅಂತ ಕಾಣದಿದ್ದರೆ ಏನಾಗುತ್ತದೆ ಅನ್ನುವುದನ್ನು ಅದೇ ಡಿಸೆಂಬರಿನಲ್ಲಿ ದೆಹಲಿಯ ಆ ಬಸ್ಸು ತೋರಿಸಿತು. ಅದಕ್ಕೂ ಕಪ್ಪು ಗಾಜು, ಪರದೆ ಇದ್ದವು.

ನನಗೆ ಚುಚ್ಚಿದ್ದು ವಿನಾಯಿತಿಯ ಭಾಗ. ಝಡ್ ಮತ್ತು ಝಡ್ ಪ್ಲಸ್ ಭದ್ರತೆ ಇರುವವರಿಗೆ, ಸಮಿತಿಯೊಂದು ಒಪ್ಪಿದರೆ, ಕಪ್ಪು ಗಾಜು ಆಗಬಹುದು. ಬಿಸಿಲು ತಾಗಿದರೆ ಮೈಯೇ ಮೈಯ ಮೇಲೆ ಯುದ್ಧಕ್ಕೆ ನಿಲ್ಲುವ ಕಾಯಿಲೆಯವರಿಗೆ ಅಂಥ ಬಾಗಿಲಿಲ್ಲ. ವಿಚಿತ್ರ ಅಂದರೆ ಅವ್ವನಿಗೆ ಕಪ್ಪು ಬೇಕಾಗಿಯೇ ಇಲ್ಲ! ನಮ್ಮ ಕಣ್ಣಿಗೆ ಕಾಣುವ ಬೆಳಕು ಸುಮಾರು 400ರಿಂದ 700 ನ್ಯಾನೋಮೀಟರ್. ಅವಳಿಗೆ ತೊಂದರೆ ಕೊಡುವ ಅತಿನೇರಳೆ 400ಕ್ಕಿಂತ ಕೆಳಗಿನದು. ನೀರಿನಷ್ಟು ತಿಳಿಯಾದ ಫಿಲ್ಮೂ ಅದರ ಬಹುಪಾಲನ್ನು ತಡೆಯಬಲ್ಲದು. ಹೊರಗಿನವರಿಗೆ ಅವ್ವನ ಮುಖ, ಕುಂಕುಮ, ಕೈಯಲ್ಲಿರುವ ಉತ್ತರಪತ್ರಿಕೆ ಎಲ್ಲ ಕಾಣುತ್ತವೆ. ಬೇಕಾದರೆ ಮಾರ್ಕ್ಸನ್ನೂ ಓದಬಹುದು.

ಕಾನೂನು ಅಲ್ಲಿಗೇ ನಿಂತಿಲ್ಲ. 2020ರ ತಿದ್ದುಪಡಿಯಲ್ಲಿ 100ನೇ ನಿಯಮಕ್ಕೆ 'ಸುರಕ್ಷಾ ಗ್ಲೇಜಿಂಗ್' ಅನ್ನುವ ಮಾತು ಸೇರಿತು. 2021ರ ಏಪ್ರಿಲ್ 1ರಿಂದ ಜಾರಿಯಾಯಿತು. ಒಳಮೈಗೆ ಪ್ಲಾಸ್ಟಿಕ್ ಪದರ ಇರುವ ಗಾಜೂ ಇದರಲ್ಲಿ ಬರುತ್ತದೆ. ಮಾನಕಕ್ಕೆ ಹೊಂದಬೇಕು, 70-50ರ ಗಡಿ ಮೀರಬಾರದು. ಇದನ್ನೇ ಹಿಡಿದು ಕೇರಳ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ, ಗಡಿಯೊಳಗಿರುವ ಫಿಲ್ಮಿಗೆ ದಂಡ ಹಾಕುವಂತಿಲ್ಲ ಅಂದಿತು. ಆದರೆ ಅದು ಕೇರಳದ ತೀರ್ಪು. ನಮ್ಮ ರಸ್ತೆಯಲ್ಲಿ ಕಾರು ನಿಲ್ಲಿಸುವವರ ಕಣ್ಣಲ್ಲಿ ಇರುವುದು 2012ರದ್ದೇ. ಪರಿಚಯದವರೊಬ್ಬರು ಬೇರೊಂದು ಊರಿನಲ್ಲಿ ಬಿಲ್ಲು ತೋರಿಸಿ, ಶೇಕಡಾ ಹೇಳಿ ವಾದ ಮಾಡಿದರಂತೆ. "ಫಿಲ್ಮ್ ಅಂದ್ರ ಫಿಲ್ಮ್ರೀ, ತಗೀರಿ" ಅಂತ ಅಲ್ಲೇ ಕೀಳಿಸಿದರಂತೆ. ಪೂರ್ತಿ ತಪ್ಪು ಅವರದ್ದು ಅನ್ನಲಾರೆ. ಬೆಳಕು ಅಳೆಯುವ ಮೀಟರ್ ಕೈಯಲ್ಲಿ ಇಲ್ಲದಿದ್ದರೆ 52ಕ್ಕೂ 37ಕ್ಕೂ ವ್ಯತ್ಯಾಸ ಹೇಗೆ ತಾನೇ ಹೇಳುತ್ತಾರೆ? ಫಿಲ್ಮ್ ಇದೆಯೋ ಇಲ್ಲವೋ, ಅಷ್ಟೇ ಸುಲಭ.

ಅವ್ವನದು ಬೇರೆಯೇ ಅಂಜಿಕೆ. ದಾರಿಯಲ್ಲಿ ನಿಲ್ಲಿಸಿ ಕೇಳಿದರೆ ತನ್ನ ಕಾಯಿಲೆಯನ್ನು ನಡುರಸ್ತೆಯಲ್ಲಿ, ಶಾಲೆ ಮಕ್ಕಳೆದುರು ಹೇಳಬೇಕಲ್ಲ ಅಂತ. "ಸೆರಗು ಹೊದ್ಕೊಂಡು ಕುಂದರ್ತೀನಿ ಬಿಡೋ" ಅನ್ನುತ್ತಾಳೆ. ಮೇ ತಿಂಗಳಲ್ಲಿ ಹಾಗೆ ಕೂತವಳನ್ನು ಕನ್ನಡಿಯಲ್ಲಿ ನೋಡುತ್ತಾ ಗಾಡಿ ಓಡಿಸುವುದು ನನ್ನ ಕೈಲಾಗುವುದಿಲ್ಲ.

ಅದಕ್ಕೇ ಆರ್‌ಟಿಓಗೆ ಒಂದು ಅರ್ಜಿ ಬರೆದಿದ್ದೇನೆ. ತಿಳಿ ಫಿಲ್ಮು, ಪಕ್ಕದ ಗಾಜಿಗೆ ಮಾತ್ರ, ಎರಡೂ ಸೇರಿದ ಬೆಳಕಿನ ಲೆಕ್ಕ, ಡಾಕ್ಟರ ಪತ್ರ. ಹಾಕಿಸಬಹುದೋ ಇಲ್ಲವೋ, ಬರಹದಲ್ಲಿ ತಿಳಿಸಿ ಅಂತ ಕೇಳಿದ್ದೇನೆ. ಕರಡನ್ನು ಅವ್ವನಿಗೆ ಕೊಟ್ಟಿದ್ದೆ. ಕಾಯಿಲೆಯ ಹೆಸರಿದ್ದ ಸಾಲನ್ನು ಹೊಡೆದುಹಾಕುತ್ತಾಳೆ ಅಂದುಕೊಂಡಿದ್ದೆ. ಅದನ್ನು ಬಿಟ್ಟು, ಮೂರು ಒತ್ತಕ್ಷರ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕೊಟ್ಟಿದ್ದಾಳೆ. ಸೋಮವಾರ ಕೊಟ್ಟು ಬರುತ್ತೇನೆ.