ಮುಂದಿನ ಸೀಟು

ನಮ್ಮ ಕಡೆಯ ಒಕ್ಕಲಿಗನು ತಾನು ಮಾರಿದ ಎತ್ತನ್ನು ಎಂದೂ ಮರೆಯುವದಿಲ್ಲ. ಇಪ್ಪತ್ತು ವರುಷಗಳ ಮೇಲೂ ಕಟ್ಟೆಯ ಮೇಲೆ ಕುಳಿತು ಅದರ ಕೋಡಿನ ಬಾಗು, ಹೆಜ್ಜೆಯ ಗತ್ತು, ಯಾವ ಪೇಟೆಯಲ್ಲಿ ಎಷ್ಟಕ್ಕೆ ಕೊಟ್ಟೆನೆಂಬ ಲೆಕ್ಕ, ಎಲ್ಲವನ್ನೂ ನಿನ್ನೆ ಮೊನ್ನೆ ನಡೆದಂತೆ ಹೇಳುತ್ತಾನೆ. ಈಗ ಆತನ ಅಂಗಳದಲ್ಲಿ ನಿಂತಿರುವ ಟ್ರ್ಯಾಕ್ಟರಿನ ಬಗೆಗೆ ಕೇಳಿ ನೋಡಿರಿ. ಕಂತು ಇನ್ನೆಷ್ಟು ಉಳಿದಿದೆಯೆಂಬುದರ ಹೊರತು ಬೇರೆ ಮಾತು ಹೊರಡುವದಿಲ್ಲ. ಮೋಟಾರು ಗಾಡಿ ಸಾಕಿದವರ ಪಾಡೂ ಇದೇ. ಮನೆಯಲ್ಲಿದ್ದಾಗ ಅದರ ಹೊಟ್ಟೆಗೆ ಪೆಟ್ರೋಲು ಸುರಿದು ಸುರಿದು ಶಪಿಸಿದವರೇ ಮಾರಿದ ಮೇಲೆ ಅದರ ಹಾರ್ನಿನ ದನಿಗೆ ಹಂಬಲಿಸುತ್ತಾರೆ. ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ಮಾತು ಒಮ್ಮೆ ಹೊರಟಿತೆಂದರೆ ಮುಂದಿನ ತಾಸಿನ ಗಂಟೆ ಯಾರ ಕಿವಿಗೂ ಬೀಳುವದಿಲ್ಲ. ಒಬ್ಬರಿಗೆ ತಾವು ಕಳೆದುಕೊಂಡ ಫಿಯೆಟ್ಟು, ಇನ್ನೊಬ್ಬರಿಗೆ ಮಾವನವರು ಕೊಡುವೆನೆಂದು ಕೊಡದೇ ಹೋದ ಮಾರುತಿ. ನನ್ನ ಸರದಿ ಬಂದಾಗ ನಾನು ಹೇಳುವದು ಅಪ್ಪನ ಅಂಬಾಸೆಡರಿನ ಮಾತನ್ನು.

ಅದು ನಮ್ಮ ಮನೆಗೆ ಬಂದದ್ದು 1986ರಲ್ಲಿ. ಹೊಸದಲ್ಲ; ಸಾಂಗಲಿಯ ಕಡೆಯವರೊಬ್ಬರು ಹತ್ತು ವರುಷ ಓಡಿಸಿ ಬಿಟ್ಟದ್ದು. ಬನಹಟ್ಟಿಯಲ್ಲಿ ಅಪ್ಪನದು ಸೀರೆಯ ವ್ಯಾಪಾರ. ನಮ್ಮ ಓಣಿಯಲ್ಲಿ ಮಗ್ಗದ ಸಪ್ಪಳಕ್ಕೆ ಯಾರಿಗೂ ಎಚ್ಚರವಾಗುತ್ತಿರಲಿಲ್ಲ, ಸಪ್ಪಳ ನಿಂತರೆ ಎಚ್ಚರವಾಗುತ್ತಿತ್ತು. ನೇಕಾರರಿಂದ ಸೀರೆ ಕೊಂಡು, ಗಂಟು ಕಟ್ಟಿ, ಜಮಖಂಡಿ, ಮುಧೋಳ, ಬೀಳಗಿಯ ಅಂಗಡಿಗಳಿಗೆ ಮುಟ್ಟಿಸುವದು ಅಪ್ಪನ ಕಸುಬು. ಮೊದಲು ಎಸ್.ಟಿ. ಬಸ್ಸಿನ ಮೇಲೆ ಗಂಟು ಏರಿಸಿ ಹೋಗುತ್ತಿದ್ದರು. ಮಳೆಗಾಲದಲ್ಲಿ ಎರಡು ಸಲ ಸರಕು ತೊಯ್ದು ಬಣ್ಣ ಬಿಟ್ಟ ಮೇಲೆ, ಅವ್ವನ ಬಂಗಾರದ ಪಾಟಲಿ ಅಡವಿಟ್ಟು ಗಾಡಿ ತಂದರು. ಅದರ ಡಿಕ್ಕಿಯಲ್ಲಿ ನಾಲ್ಕು ದೊಡ್ಡ ಗಂಟುಗಳು ಹಿಡಿಯುತ್ತಿದ್ದವು. ಹಿಂದಿನ ಸೀಟಿನ ಮೇಲೆ ಇನ್ನೆರಡು. ಹೀಗಾಗಿ ಮನೆಯವರಿಗೆ ಉಳಿದದ್ದು ಮುಂದಿನ ಸೀಟು.

ಆ ಮುಂದಿನ ಸೀಟಿನ ಬಗೆಗೆ ಈಗಿನ ಹುಡುಗರಿಗೆ ತಿಳಿಸಿ ಹೇಳಬೇಕಾಗಿದೆ. ಅದು ಎರಡು ಬೇರೆ ಬೇರೆ ಕುರ್ಚಿಗಳಂತಿರಲಿಲ್ಲ; ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಹಾಸು. ಗೇರಿನ ಕೋಲು ನೆಲದಿಂದ ಏಳುತ್ತಿರಲಿಲ್ಲ, ಸ್ಟೀರಿಂಗಿನ ಕೊರಳಿಗೆ ಅಂಟಿಕೊಂಡಿತ್ತು. ಆದುದರಿಂದ ನಡುವಿನ ಜಾಗ ಖಾಲಿ. ಬಲಕ್ಕೆ ಅಪ್ಪ, ಎಡಕ್ಕೆ ಅವ್ವ, ನಡುವೆ ನಾನು. ತಂಗಿ ಅವ್ವನ ತೊಡೆಯ ಮೇಲೆ. ಅಪ್ಪ ಗೇರು ಬದಲಿಸಿದಾಗಲೆಲ್ಲ ಅವರ ಮೊಣಕೈ ನನ್ನ ಹೆಗಲಿಗೆ ತಾಕುವದು. ಮೊದಮೊದಲು ನಾನು ಸರಿದು ಕೂಡ್ರುತ್ತಿದ್ದೆ. ಆಮೇಲೆ ತಾಕಲೆಂದೇ ಕೂಡ್ರತೊಡಗಿದೆ. ನಮ್ಮ ಅಪ್ಪ ಮಕ್ಕಳನ್ನು ಎತ್ತಿ ಮುದ್ದಾಡಿದವರಲ್ಲ. ಆ ಕಾಲದ, ಆ ಓಣಿಯ ಯಾವ ತಂದೆಯೂ ಹಾಗೆ ಮಾಡುತ್ತಿರಲಿಲ್ಲ. ವಾಚಕರು ನಗಬಾರದು, ಅಪ್ಪನ ಮೈಯ ಬಿಸಿ ನನಗೆ ಗೊತ್ತಾದದ್ದು ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹೋಗುವಾಗ.

ಈ ಗಾಡಿಯ ವಂಶವೃಕ್ಷ ವಿಲಾಯತಿಯದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಅಚ್ಚನ್ನು ತಂದು, ಕಲಕತ್ತೆಯ ಹತ್ತಿರದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟರ್ಸಿನವರು ಐವತ್ತರ ದಶಕದ ಕೊನೆಗೆ ಅಂಬಾಸೆಡರ್ ಮಾಡತೊಡಗಿದರು. ಇಂಗ್ಲೆಂಡಿನವರು ತಮ್ಮ ಮಾದರಿಯನ್ನು ಬೇಗನೆ ಬಿಟ್ಟುಬಿಟ್ಟರು. ನಾವು ಐವತ್ತಕ್ಕೂ ಹೆಚ್ಚು ವರುಷ ಹಿಡಿದುಕೊಂಡೆವು. ದೀಪದ ಸುತ್ತ, ಮೂಗಿನ ಮೇಲೆ ಅಷ್ಟಿಷ್ಟು ಬದಲು ಮಾಡಿ ಮಾರ್ಕ್ ಟು, ಮಾರ್ಕ್ ಥ್ರೀ ಎಂದು ಹೆಸರಿಟ್ಟದ್ದು ಬಿಟ್ಟರೆ ಮೈಕಟ್ಟು ಅದೇ. ಮಂತ್ರಿಗಳಿಗೂ ಅದೇ, ಮದುವೆಯ ಮದಿಮಗನಿಗೂ ಅದೇ. 2014ರ ಮೇ ತಿಂಗಳಲ್ಲಿ ಉತ್ತರಪಾಡಾದ ಕಾರಖಾನೆ ನಿಂತಿತು. ಅದೇ ವರುಷದ ಜನವರಿಯಲ್ಲಿ ಮಾರುತಿ 800 ಕೂಡ ಕೊನೆಗೊಂಡಿತ್ತು. ಒಂದೇ ವರುಷ ಅಜ್ಜನನ್ನೂ ಮೊಮ್ಮಗನನ್ನೂ ಒಯ್ದಿತು.

ಹಾಗೆಂದು ಅದನ್ನು ಸಾಧುಪ್ರಾಣಿಯೆಂದು ತಿಳಿಯಬಾರದು. ನಮ್ಮ ಭಾಗದ ಏಪ್ರಿಲ್-ಮೇ ಬಿಸಿಲನ್ನು ಬಲ್ಲವರೇ ಬಲ್ಲರು. ಮಹಾಲಿಂಗಪುರ ದಾಟಿ ಮುಧೋಳದ ದಾರಿ ಹಿಡಿದರೆ ಕರಿನೆಲ ಕಾದ ಹಂಚಾಗಿರುತ್ತಿತ್ತು. ಅಂಥಲ್ಲಿ ಗಾಡಿ ಒಮ್ಮೆಲೇ ಎರಡು ಕೆಮ್ಮು ಕೆಮ್ಮಿ ನಿಲ್ಲುವದು. ಕಾರಣವಿಷ್ಟೆ: ಇಂಜಿನ್ನಿನ ಕಾವಿಗೆ ನಳಿಗೆಯೊಳಗಿನ ಪೆಟ್ರೋಲೇ ಆವಿಯಾಗಿಬಿಡುತ್ತಿತ್ತು, ಪಂಪಿಗೆ ಆವಿಯನ್ನು ಎಳೆಯಲು ಬರುತ್ತಿರಲಿಲ್ಲ. ಅಪ್ಪ ಬಾನೆಟ್ಟು ಎತ್ತಿ, ಅವ್ವ ಇದಕ್ಕೆಂದೇ ಇಟ್ಟಿದ್ದ ಹಳೆಯ ಸೀರೆಯ ತುಂಡನ್ನು ನೀರಲ್ಲಿ ಅದ್ದಿ, ಜ್ವರ ಬಂದ ಕೂಸಿನ ಹಣೆಗೆ ಹಾಕಿದಂತೆ ಪಂಪಿಗೆ ಸುತ್ತುತ್ತಿದ್ದರು. ಕಾಲು ತಾಸು ಬೇವಿನ ನೆರಳಲ್ಲಿ ಕುಳಿತರೆ ಗಾಡಿ ಚೇತರಿಸಿಕೊಳ್ಳುವದು. ರೇಡಿಯೇಟರಿನದು ಬೇರೆಯೇ ಕಥೆ. ಮುಧೋಳ ರನ್ನನ ಊರು. ಆತನ ದುರ್ಯೋಧನನು ಕೊಳದಲ್ಲಿ ಮುಳುಗಿದ್ದರೂ ಬೆವರಿಳಿಸಿದವನು. ಈ ಇಂಜಿನ್ನು ಅವನ ಕುಲದ್ದೇ ಇರಬೇಕೆಂದು, ಎಂ.ಎ. ಓದುವಾಗ ನನಗೆ ಅನಿಸಿತು. ಎಷ್ಟು ಕೊಡ ನೀರು ಕುಡಿಸಿದರೂ ಒಳಗೆ ಕುದಿಯುತ್ತಲೇ ಇತ್ತು.

ಆದರೆ ನಿಂತ ಗಾಡಿಯ ಸುತ್ತ ಐದು ನಿಮಿಷದಲ್ಲಿ ನಾಲ್ಕು ಜನ ಕೂಡುತ್ತಿದ್ದರು. ಎಮ್ಮೆ ಕಾಯುವವನಿಂದ ಹಿಡಿದು ಸೈಕಲ್ಲಿನ ಮೇಲಿನ ಪೋಸ್ಟಮನ್ನನವರೆಗೆ ಎಲ್ಲರಿಗೂ ಏನೋ ಒಂದು ಉಪಾಯ ಗೊತ್ತಿರುತ್ತಿತ್ತು. “ಸಾವಕಾರ್ರ, ನೀವು ಒಳಗ ಕುಂಡರ್ರಿ, ನಾವು ನೂಕತೀವಿ” ಎನ್ನುವರು. ನೂಕಿದವರ ಊರು ಯಾವುದು, ಮಗಳ ಮದುವೆ ಯಾವಾಗ, ಎಲ್ಲ ಮಾತಾಗಿ ಅಲ್ಲಿಯೇ ಎರಡು ಸೀರೆ ಮಾರಾಟವಾದದ್ದೂ ಉಂಟು. ನನ್ನ ಈಗಿನ ಕಾರು ಏಳು ವರುಷದಲ್ಲಿ ಒಮ್ಮೆಯೂ ದಾರಿಯಲ್ಲಿ ನಿಂತಿಲ್ಲ. ಒಳ್ಳೆಯದೇ. ಏಳು ವರುಷದಲ್ಲಿ ಆ ದಾರಿಯ ಒಬ್ಬನ ಪರಿಚಯವೂ ನನಗಾಗಿಲ್ಲವೆಂಬುದೂ ಅಷ್ಟೇ ನಿಜ.

1989ರಲ್ಲಿ ಆ ಗಾಡಿಯಲ್ಲಿಯೇ ಚಿಕ್ಕಪಡಸಲಗಿಯ ಬ್ಯಾರೇಜು ನೋಡಲು ಹೋಗಿದ್ದೆವು. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ಹಣ ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಕಟ್ಟಿದ ಆ ಒಡ್ಡನ್ನು ನೋಡಲು ಜಾತ್ರೆಯಂತೆ ಜನ ನೆರೆದಿತ್ತು. ಅಪ್ಪ ರೈತರಲ್ಲ, ಆದರೂ ನಿಂತ ನೀರನ್ನು ಬಹಳ ಹೊತ್ತು ನೋಡಿ, “ಇನ್ನ ನಮ್ಮ ಸೀರಿಗೂ ಗಿರಾಕಿ ಬಂದ್ರು” ಎಂದರು. ನೀರು ಬಂದಲ್ಲಿ ಕಬ್ಬು ಬಂದಿತು, ಕಬ್ಬಿನಿಂದ ರೊಕ್ಕವೂ ಬಂದಿತು. ಗಿರಾಕಿಗಳೂ ಬಂದರು, ಆದರೆ ಬರಬರುತ್ತ ಅವರು ಕೇಳಿದ್ದು ಸೂರತ್ತಿನ ಗಿರಣಿ ಸೀರೆಯನ್ನು. ನಮ್ಮ ಸೀರೆ ಮಡಿಕೆ ಮುರಿಯದೆ ಕಪಾಟಿನಲ್ಲಿ ಉಳಿಯತೊಡಗಿತು.

ಬಾಗಲಕೋಟೆ ಬೇರೆ ಜಿಲ್ಲೆಯಾದ ವರುಷ, 1997ರಲ್ಲಿ, ಅಪ್ಪ ಗಾಡಿ ಮಾರಿದರು. ನೂಲಿನ ಬಾಕಿ ಇತ್ತು, ನನ್ನ ಓದಿನ ಖರ್ಚು ಇತ್ತು. ಕೊಂಡವರು ಜಮಖಂಡಿಯ ಆಚೆಯ ಹಳ್ಳಿಯವರು, ಮದುವೆಯ ಬಾಡಿಗೆಗೆ ಬಿಡುವವರು. ರೊಕ್ಕ ಎಣಿಸಿ ಕೊಟ್ಟು, ಕುಂಕುಮ ಹಚ್ಚಿಸಿಕೊಂಡು ಹೊರಟರು. ಇಂಜಿನ್ನು ತಿರುವುವ ಕಬ್ಬಿಣದ ಹ್ಯಾಂಡಲನ್ನು ಅಪ್ಪ ಕೊಡಲಿಲ್ಲ. “ಸೆಲ್ಫ್ ಛಲೋ ಐತಿ, ಇದೇನ ಬೇಕಾಗೂದಿಲ್ಲ” ಎಂದರು. ವ್ಯವಹಾರದಲ್ಲಿ ಒಂದು ಗಜ ಬಟ್ಟೆಗೂ ಹೆಚ್ಚು ಕಡಿಮೆ ಮಾಡದ ಮನುಷ್ಯ. ಆ ಹ್ಯಾಂಡಲು ಇಂದಿಗೂ ನಮ್ಮ ಪಡಸಾಲೆಯ ಬಾಗಿಲ ಹಿಂದೆ ನಿಂತಿದೆ. ಅವ್ವ ಇರುವವರೆಗೆ ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಿದ್ದಳು.

ಆಮೇಲೆ ನಾನೂ ಗಾಡಿಯವನಾದೆ. 2007ರಲ್ಲಿ ಕೈ ಬದಲಿಸಿದ ಒಂದು ಮಾರುತಿ 800 ಕೊಂಡೆ. 1983ರ ಡಿಸೆಂಬರಿನಲ್ಲಿ ಮೊದಲ ಗಾಡಿಯ ಕೀಲಿಕೈಯನ್ನು ಇಂದಿರಾ ಗಾಂಧಿಯವರು ಕೊಟ್ಟರಂತೆ; ಬೆಲೆ ಐವತ್ತು ಸಾವಿರದ ಒಳಗೆ. ಮುಧೋಳದ ಬೇಟೆನಾಯಿಯಂತೆ ಹಗುರು ಮೈ, ಚುರುಕು ಓಟ, ಅಲ್ಪಾಹಾರಿ. ಅದನ್ನು ಮಾರಿದಾಗ ನನ್ನ ಮಗ ಅತ್ತನು, ನಾನು ಅಳಲಿಲ್ಲ. ಬಹುಶಃ ಇನ್ನಿಪ್ಪತ್ತು ವರುಷಕ್ಕೆ ಅವನೂ ಎಲ್ಲಿಯೋ ಕುಳಿತು ಅದರ ಹಾರ್ನಿನ ದನಿ ವರ್ಣಿಸುವನು. ಪ್ರೀಮಿಯರ್ ಪದ್ಮಿನಿಯ ಹಂಬಲ ನನಗೆ ಎಂದೂ ಹತ್ತಲಿಲ್ಲ. ಮುಂಬಯಿಯ ಕರಿ-ಹಳದಿ ಟ್ಯಾಕ್ಸಿಯಾಗಿ ಅದು ಮೆರೆದು 2023ರ ಅಕ್ಟೋಬರಿನಲ್ಲಿ ಬೀದಿಯಿಂದ ಇಳಿದಾಗ, ಅಲ್ಲಿಯ ನಮ್ಮ ಸಂಬಂಧಿಕರೊಬ್ಬರು ಫೋನಿನಲ್ಲಿ ಅರ್ಧ ತಾಸು ಮರುಗಿದರು.

ಅಪ್ಪನ ಅಂಬಾಸೆಡರನ್ನು ಹುಡುಕಿಸಿದ್ದೇನೆ. ಎರಡು ಕೈ ದಾಟಿ ಮೂರನೆಯವರಲ್ಲಿ ಗುಜರಿಗೆ ಹೋಯಿತೆಂದು ತಿಳಿಯಿತು. ಸಿಕ್ಕಿದ್ದರೂ ಬೀಳಗಿಯ ಕಡೆಯ ಆ ದಾರಿಗಳು ಸಿಗುತ್ತಿದ್ದಿಲ್ಲ. ಆಲಮಟ್ಟಿಯ ಹಿನ್ನೀರು ಬೀಳಗಿ ತಾಲೂಕಿನ ಎಷ್ಟೋ ಊರುಗಳನ್ನು ಒಳಗೆ ತೆಗೆದುಕೊಂಡಿತು. ಅಪ್ಪನಿಗೆ ಉದ್ರಿ ಹೇಳಿ ಸೀರೆ ಕೊಳ್ಳುತ್ತಿದ್ದ ಮನೆಗಳು ಈಗ ಪುನರ್ವಸತಿ ಕೇಂದ್ರಗಳಲ್ಲಿ ನಂಬರು ಹಚ್ಚಿಕೊಂಡು ನಿಂತಿವೆ. ನಾವು ನೆರಳಿಗೆ ಕುಳಿತ ಒಂದು ಬೇವಿನ ಮರ, ಅಪ್ಪ ಹೇಳುವ ಗುರುತು ಸರಿಯಿದ್ದರೆ, ನೀರಿನ ನಡುವೆ ಎಲ್ಲಿಯೋ ಇರಬೇಕು.

ಹೋದ ವರುಷ ಬೆಳಗಾವಿಯಲ್ಲಿ ಒಂದು ಅಂಬಾಸೆಡರ್ ಮಾರಾಟಕ್ಕಿದೆಯೆಂದು ಗೆಳೆಯರೊಬ್ಬರು ತಿಳಿಸಿದರು. ಮನೆಯಾಕೆಗೆ ಹೇಳಿದೆ. “ಅಲ್ರೀ, ಹಳೇ ಗಾಡಿ ಮತ್ತ ನೋಂದಣಿ ಮಾಡಸಾಕ 600 ರೂಪಾಯಿ ಇದ್ದದ್ದು 2022ರಾಗ 5000 ಆತಂತ ನೀವ ಹೇಳಿದ್ರಿ. ಅದನ್ನ ನಿಲ್ಲಸಾಕ ಜಾಗಾ ಎಲ್ಲೈತಿ?” ಎಂದಳು. ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ಅಪ್ಪನ ಕಿವಿಗೆ ಸುದ್ದಿ ಬಿದ್ದಿತ್ತು. ಎಂಬತ್ತು ದಾಟಿದ ಅವರು ಊರುಗೋಲು ಹಿಡಿದು ಪಡಸಾಲೆಗೆ ಬಂದು, “ನೋಡಿ ಬರಾಕ ರೊಕ್ಕ ಬೀಳೂದಿಲ್ಲಲಾ” ಎಂದರು. ಹೋಗಿ ಬಂದೆ.

ಗಾಡಿ ಚೊಕ್ಕಟವಾಗಿತ್ತು. ಬಿಳಿಯ ಬಣ್ಣ, ಹೊಸ ಟಾಯರು, ಇಂಜಿನ್ನಿನ ದನಿಯೂ ಹದವಾಗಿತ್ತು. ರಾತ್ರಿ ಮನೆ ಮುಟ್ಟಿದಾಗ ಅಪ್ಪ ಮಲಗಿರಲಿಲ್ಲ. ಬಣ್ಣ ಕೇಳಲಿಲ್ಲ, ಬೆಲೆ ಕೇಳಲಿಲ್ಲ.

“ಮುಂದಿನ ಸೀಟ ಹ್ಯಾಂಗೈತಿ?”

“ಎರಡು ಬ್ಯಾರೆ ಬ್ಯಾರೆ ಅದಾವ ಅಪ್ಪಾ. ಗೇರೂ ಕೆಳಗ ಐತಿ, ನಡುವ.”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಹಂಗಾದ್ರ ಬ್ಯಾಡ ಬಿಡು” ಎಂದು ಹೊದಿಕೆ ಎಳೆದುಕೊಂಡರು.