ಕಡಲ ತೀರದ ಕಲ್ಯಾಣ

'ಕಲ್ಯಾಣ' ಎಂಬ ಒಂದು ಪದದಲ್ಲಿ ಕನ್ನಡಿಗರು ಮೂರು ಅರ್ಥಗಳನ್ನು ಕಾಣುತ್ತಾರೆ. ಮಂಗಳವೆಂಬುದು ಒಂದು, ಮದುವೆಯೆಂಬುದು ಎರಡನೆಯದು, ಬಸವಾದಿ ಶರಣರು ನೆಲೆಸಿದ್ದ ಪಟ್ಟಣವೆಂಬುದು ಮೂರನೆಯದು. ಹನ್ನೆರಡನೆಯ ಶತಮಾನದಲ್ಲಿ ಈ ಮೂರು ಅರ್ಥಗಳೂ ಒಂದೇ ಮದುವೆಯಲ್ಲಿ ಕೂಡಿಬಂದವು. ಸಮಗಾರ ಕಾಯಕದ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಕುಲದಿಂದ ಬಂದ ಮಧುವರಸರು ತಮ್ಮ ಮಗಳನ್ನು ಧಾರೆಯೆರೆದರು. ಅದಕ್ಕಾಗಿ ಬಿಜ್ಜಳನ ಆಳ್ವಿಕೆಯಲ್ಲಿ ಆ ಇಬ್ಬರು ತಂದೆಯರೂ ಪ್ರಾಣ ತೆತ್ತರೆಂದು ಪರಂಪರೆ ಹೇಳುತ್ತದೆ. ಆ ಮದುವೆಯ ಚಪ್ಪರ ಎಷ್ಟು ದೊಡ್ಡದಿತ್ತು, ಎಷ್ಟು ಪಂಕ್ತಿ ಊಟವಾಯಿತು ಎಂಬುದನ್ನು ಯಾರೂ ನೆನಪಿಟ್ಟಿಲ್ಲ. ಕೊಟ್ಟ ಮಾತೊಂದು ಪ್ರಾಣಕ್ಕಿಂತ ಭಾರವಾಗಿತ್ತೆಂಬುದನ್ನು ಮಾತ್ರ ನಾಡು ನೆನಪಿಟ್ಟಿದೆ.

ಮದುವೆಯ ಜೀವವಿರುವುದು ಮಾತಿನಲ್ಲಿ ಎಂಬ ಈ ತಿಳಿವನ್ನು ಮುಂದಿಟ್ಟುಕೊಂಡು ಇಂದಿನ ಒಂದು ರೂಢಿಯನ್ನು ಸದ್ಭಕ್ತರು ನೋಡಬೇಕಾಗಿದೆ. ಕೆಲವೇ ಮಂದಿ ಬಂಧುಗಳನ್ನು ಕರೆದುಕೊಂಡು ವಿದೇಶದ ಕಡಲ ತೀರಕ್ಕೆ ಹೋಗಿ ಮದುವೆಯಾಗುವುದು, ಇಲ್ಲವೇ ಮದುವೆಯಾಗಿ ಬಹುಕಾಲ ಕಳೆದ ದಂಪತಿಗಳು ಅಲ್ಲಿ ತಮ್ಮ ವಿವಾಹಪ್ರತಿಜ್ಞೆಯನ್ನು ಮತ್ತೊಮ್ಮೆ ನುಡಿಯುವುದು ಈಗ ಉಳ್ಳವರಲ್ಲಿ ಕಂಡುಬರುತ್ತಿದೆ. 2023ರ ನವೆಂಬರ್ 26ರ 'ಮನದ ಮಾತು' ಬಾನುಲಿ ಭಾಷಣದಲ್ಲಿ ದೇಶದ ಪ್ರಧಾನಿಯವರೇ ಇದನ್ನು ಪ್ರಸ್ತಾಪಿಸಿ, ಮದುವೆಗಳನ್ನು ಭಾರತದ ನೆಲದಲ್ಲಿಯೇ ಮಾಡಬಾರದೇಕೆ ಎಂದು ಕೇಳಿದ್ದರು. ಮರುಪ್ರತಿಜ್ಞೆಯೂ ನಾಡಿಗೆ ತೀರ ಹೊಸದಲ್ಲ. ಯಜಮಾನರಿಗೆ ಅರವತ್ತು ತುಂಬಿದಾಗ ಷಷ್ಟ್ಯಬ್ದಿ ಮಾಡಿ ಮತ್ತೆ ತಾಳಿ ಕಟ್ಟಿಸುವ ಪದ್ಧತಿ ಹಲವು ಮನೆತನಗಳಲ್ಲಿದೆ. ಇದಕ್ಕೆಂದೇ ತಮಿಳುನಾಡಿನ ತಿರುಕ್ಕಡೈಯೂರಿಗೆ ಯಾತ್ರೆ ಹೋಗುವವರೂ ಇದ್ದಾರೆ.

ಇಂಥ ಆಸೆಯನ್ನು ಆಡಂಬರವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. ಅದರೊಳಗೆ 'ಚಿಕ್ಕದಾಗಿ' ಎಂಬ ಒಂದು ಒಳ್ಳೆಯ ಬೀಜವಿದೆ. ಸಾವಿರಾರು ಜನರಿಗೆ ಊಟ ಹಾಕಿ, ಸಾಲದ ಕಾಗದಕ್ಕೆ ರುಜು ಹಾಕಿ, ವಧೂವರರಿಗೆ ಪರಸ್ಪರ ಮುಖ ನೋಡಲೂ ಬಿಡುವಿಲ್ಲದಂತೆ ಮಾಡುವ ಮದುವೆಗಿಂತ, ಬೇಕಾದವರು ನಾಲ್ಕು ಜನ ಸೇರಿ ಮಾಡುವ ಮದುವೆ ಮೇಲಲ್ಲವೇ? ಕನ್ನಡ ನಾಡಿನಲ್ಲಿಯೇ ಇದಕ್ಕೆ ಘನವಾದ ನಿದರ್ಶನವಿದೆ. 1966ರಲ್ಲಿ ಮೂಡಿಗೆರೆಯ ಕಡೆಯ ಕಾಫಿತೋಟವೊಂದರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ತಂದೆ ಕುವೆಂಪು ಅವರು ಸರಳವಾಗಿ ನೆರವೇರಿಸಿದರು. 'ಮಂತ್ರ ಮಾಂಗಲ್ಯ' ಎಂದು ಹೆಸರಾದ ಆ ಕ್ರಮದಲ್ಲಿ ವರದಕ್ಷಿಣೆಯಿಲ್ಲ, ದುಂದುಗಾರಿಕೆಯಿಲ್ಲ. ವಧೂವರರು ತಮಗೆ ಅರ್ಥವಾಗುವ ಕನ್ನಡದಲ್ಲಿ ಪ್ರತಿಜ್ಞೆ ಮಾಡುತ್ತಾರೆ. ಮುಂದೆ ರೈತ ಚಳವಳಿಯವರು ಇದನ್ನು ಹಳ್ಳಿಹಳ್ಳಿಗೆ ಒಯ್ದರು. ವಚನಗಳನ್ನು ಓದಿ ಮಾಡಿಸುವ ವಚನ ಮಾಂಗಲ್ಯವೂ ಇದೇ ಹಾದಿಯದು. ಆದ್ದರಿಂದ ಮದುವೆಯನ್ನು ಕಿರಿದು ಮಾಡುವುದು ಪರದೇಶದಿಂದ ಕಲಿಯಬೇಕಾದ ವಿದ್ಯೆಯಲ್ಲ. ಕಿರಿದು ಮಾಡುವಾಗ ಏನನ್ನು ಬಿಡಬೇಕು, ಏನನ್ನು ಉಳಿಸಿಕೊಳ್ಳಬೇಕು ಎಂಬುದೇ ವಿಚಾರ.

ಮಾಗಡಿ ಸೀಮೆಯ ಸೋಲೂರಿನ ಒಂದು ಒಕ್ಕಲು ಮನೆಯಲ್ಲಿ ಈ ವಿಚಾರ ಎದುರಾಯಿತು. ಯಜಮಾನರು ರಾಗಿ, ಅವರೆ ಬೆಳೆದು ಬಾಳಿದವರು. 1984ರಲ್ಲಿ ಮದುವೆಯಾದ ಆ ದಂಪತಿಗಳಿಗೆ 2024ರಲ್ಲಿ ನಲವತ್ತು ವರ್ಷಗಳ ದಾಂಪತ್ಯ ತುಂಬುವುದಿತ್ತು. ಸಿಂಗಪುರದಲ್ಲಿ ಉದ್ಯೋಗದಲ್ಲಿರುವ ಮಗ, ತಂದೆತಾಯಿಗಳನ್ನು ಮಾಲ್ಡೀವ್ಸಿನ ಒಂದು ದ್ವೀಪಕ್ಕೆ ಕರೆದೊಯ್ದು, ಎಂಟೇ ಮಂದಿಯ ಸಮ್ಮುಖದಲ್ಲಿ ಸೂರ್ಯಾಸ್ತದ ಹೊತ್ತಿಗೆ ಮರುಪ್ರತಿಜ್ಞೆ ಮಾಡಿಸಬೇಕೆಂದು ಯೋಜಿಸಿದ. ಮಗನ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಜೀವಮಾನವೆಲ್ಲ ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಬಾಳಿದ್ದರೂ ಆ ದಾರಿ ಸೇರುವ ಕಡಲನ್ನು ತಾಯಿ ಒಮ್ಮೆಯೂ ಕಂಡಿರಲಿಲ್ಲ.

ಯೋಜನೆ ಮುಂದುವರಿದಂತೆ ಒಂದೊಂದೇ ಪ್ರಶ್ನೆ ಎದ್ದಿತು. ಮೂರು ದಿನದ ವೆಚ್ಚ ಆ ಹೊಲದ ಎರಡು ವರ್ಷದ ಫಸಲಿನ ಹಣಕ್ಕೆ ಸಮನಾಗಿತ್ತು. ಎಂಟು ಮಂದಿಯ ಪಟ್ಟಿಯಲ್ಲಿ ಯಜಮಾನರ ಅಕ್ಕ ಇರಲಿಲ್ಲ; ಮಂಡಿನೋವಿನಿಂದ ನಡೆಯಲಾರದ ಆ ಹಿರಿಯರು ವಿಮಾನವೇರುವಂತಿರಲಿಲ್ಲ. ಆದರೆ ತಂದೆ ಹೊಲದಲ್ಲಿ, ತಾಯಿ ಬಾಣಂತಿಕೋಣೆಯಲ್ಲಿ ಇದ್ದ ದಿನಗಳಲ್ಲಿ ಆ ಮಗನನ್ನು ಎತ್ತಿ ಆಡಿಸಿದವರೇ ಅವರು. ಇದಲ್ಲದೆ ಆ ದೇಶಕ್ಕೆ ಆರಾಧನೆಯ ವಿಗ್ರಹಗಳನ್ನು ತರುವುದು ನಿಷಿದ್ಧ. ಇಸ್ಲಾಂ ಧರ್ಮವಲ್ಲದೆ ಬೇರೆ ಧರ್ಮದ ಬಹಿರಂಗ ಆಚರಣೆಗೆ ಅಲ್ಲಿ ಅವಕಾಶವಿಲ್ಲ. ಕೊರಳಿನ ಕರಡಿಗೆಯನ್ನು ಒಂದು ದಿನವೂ ಅಗಲದ ತಾಯಿ ಕೇಳಿದ್ದು ಒಂದೇ ಮಾತು: "ಗುರುವಿಲ್ಲ, ಜಂಗಮರಿಲ್ಲ, ಲಿಂಗಯ್ಯನನ್ನೂ ಬಚ್ಚಿಟ್ಟುಕೊಂಡು ಕೂತ್ಕೊಬೇಕು ಅಂದ್ರೆ, ಯಾರ ಮುಂದೆ ಮಾತು ಕೊಡೋದಪ್ಪ?"

ಈ ಪ್ರಶ್ನೆಗೆ 2010ರ ಒಂದು ಘಟನೆ ಉತ್ತರದಂತಿದೆ. ಆ ವರ್ಷ ಮಾಲ್ಡೀವ್ಸಿನ ಒಂದು ವಿಹಾರಧಾಮದಲ್ಲಿ ಯುರೋಪಿನ ದಂಪತಿಗಳು ಮರುಪ್ರತಿಜ್ಞೆಯ ಸಮಾರಂಭ ಏರ್ಪಡಿಸಿಕೊಂಡಿದ್ದರು. ಅವರ ಮುಂದೆ ನಿಂತ ಸಿಬ್ಬಂದಿಯೊಬ್ಬ ಸ್ಥಳೀಯ ದಿವೇಹಿ ಭಾಷೆಯಲ್ಲಿ ಗಂಭೀರ ಧ್ವನಿಯಿಂದ ಏನನ್ನೋ ಪಠಿಸುತ್ತಿದ್ದ. ಹರಕೆಯ ನುಡಿಗಳೆಂದು ನಂಬಿ ದಂಪತಿಗಳು ತಲೆಬಾಗಿ ಕೈಹಿಡಿದು ನಿಂತಿದ್ದರು. ಅವು ಹರಕೆಯಾಗಿರಲಿಲ್ಲ, ಹೊಲಸು ಬೈಗುಳಗಳಾಗಿದ್ದವು. ಚಿತ್ರೀಕರಣ ಅಂತರಜಾಲದಲ್ಲಿ ಹರಿದಾಡಿದಾಗ ಭಾಷೆ ಬಲ್ಲವರಿಂದ ನಿಜ ಹೊರಬಿತ್ತು. ಸಿಬ್ಬಂದಿ ಬಂಧನಕ್ಕೊಳಗಾದರು, ಆ ದೇಶದ ಸರ್ಕಾರವೇ ಕ್ಷಮೆ ಯಾಚಿಸಿತು. ಒಂದು ದೇಶವನ್ನೋ ಒಂದು ಧರ್ಮವನ್ನೋ ಹಳಿಯುವುದಕ್ಕಾಗಿ ಇದನ್ನು ಇಲ್ಲಿ ನೆನೆಯುತ್ತಿಲ್ಲ; ಆ ಅನ್ಯಾಯವನ್ನು ಅಲ್ಲಿನವರೇ ಖಂಡಿಸಿದರು. ತಿಳಿಯದ ಮಾತಿಗೆ ತಲೆಬಾಗಿದರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಕಟುವಾದ ಪಾಠ ಸಿಗುವುದು ಕಷ್ಟ.

ಆದರೆ ಈ ಪಾಠ ಪರದೇಶಕ್ಕೆ ಹೋಗುವವರಿಗಷ್ಟೇ ಅನ್ವಯಿಸುವುದೇ? ಸ್ವಂತ ಊರಿನ ಚಪ್ಪರದಡಿಯಲ್ಲಿಯೂ ಅರ್ಥವರಿಯದ ಶಬ್ದಗಳಿಗೆ 'ಆಯಿತು' ಎಂದು ತಲೆದೂಗಿದ ವಧೂವರರು ಎಷ್ಟು ಜನರಿಲ್ಲ! ಅಲ್ಲಿ ಬೈಗುಳವಿರುವುದಿಲ್ಲ, ನಿಜ. ಆದರೆ ತಾವು ಏನನ್ನು ಒಪ್ಪಿದೆವೆಂಬ ಅರಿವೂ ಇರುವುದಿಲ್ಲ. ಶರಣರು ಧರ್ಮದ ಮಾತನ್ನು ಜನರಾಡುವ ಕನ್ನಡಕ್ಕೆ ತಂದದ್ದು ಭಾಷೆಯ ಅಭಿಮಾನ ಒಂದರಿಂದಲೇ ಅಲ್ಲ. ಅರಿವಿಲ್ಲದ ಆಚಾರ ಆಚಾರವೇ ಅಲ್ಲವೆಂಬುದು ಅವರ ನಿಲುವಾಗಿತ್ತು. ಮಾತನ್ನು ಅರಿತವನು ಮಾತ್ರ ಅದಕ್ಕೆ ಹೊಣೆಯಾಗಬಲ್ಲ.

ಸೋಲೂರಿನ ಆ ತಾಯಿ ಮುಂದೊಂದು ದಿನ ಮಗನ ಬಳಿ ಇನ್ನೂ ಒಂದು ಮಾತು ಹೇಳಿದರು. 1984ರಲ್ಲಿ ಅವರಿಗೆ ಹತ್ತೊಂಬತ್ತು ವರ್ಷ. ನೋಡಲು ಬಂದ ದಿನ ತಲೆತಗ್ಗಿಸಿ ಕುಳಿತರು, ಧಾರೆಯ ದಿನವೂ ತಲೆತಗ್ಗಿಸಿಯೇ ಕುಳಿತರು. ಪುರೋಹಿತರು ನುಡಿದರು, ಹಿರಿಯರು ನುಡಿದರು, ಗಂಡಿನ ಕಡೆಯವರು ನುಡಿದರು. "ಆವತ್ತು ನನ್ನ ಬಾಯಿಂದ ಒಂದು ಮಾತೂ ಬರ್ಲಿಲ್ಲ, ಯಾರೂ ಕೇಳ್ಲೂ ಇಲ್ಲ. ಈಗ ಮಾಡೋದಾದ್ರೆ ನಾನೂ ಒಂದು ಮಾತು ಆಡ್ಬೇಕು" ಎಂದರು. ಮರುಪ್ರತಿಜ್ಞೆ ಬೇಡವೆನ್ನುವರೆಂದು ಮಗ ತಿಳಿದಿದ್ದ ತಾಯಿಗೆ ಅದು ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿತ್ತು. ಅವರಿಗೆ ಮರುಪ್ರತಿಜ್ಞೆಯೇ ಮೊದಲ ಪ್ರತಿಜ್ಞೆ.

ಹೀಗಾಗಿ ದ್ವೀಪದ ಯೋಜನೆ ಕೈಬಿಟ್ಟಿತು, ಪ್ರತಿಜ್ಞೆ ಉಳಿಯಿತು. ಮನೆಯ ಅಂಗಳದಲ್ಲಿ ಗುರುಗಳ ಸಮ್ಮುಖದಲ್ಲಿ ಇಪ್ಪತ್ತು ಮಂದಿ ಸೇರಿದರು. ಯಜಮಾನರ ಅಕ್ಕ ಎಲ್ಲರಿಗಿಂತ ಮುಂದೆ ಕುರ್ಚಿಯಲ್ಲಿ ಕುಳಿತರು. ಯಜಮಾನರು ತಮಗೆ ತೋಚಿದ ನಾಲ್ಕು ಮಾತಾಡಿದರು. ಆಮೇಲೆ ತಾಯಿ ಎದ್ದು ನಿಂತು, ಬೆಂಗಳೂರು ಬೆಳೆದಂತೆ ಊರ ಸುತ್ತಿನ ಜಮೀನು ಒಂದೊಂದಾಗಿ ಕೈಬದಲಾಗುತ್ತಿರುವುದನ್ನು ನೆನೆದು, "ನನ್ನನ್ನು ಕೇಳದೆ ಹೊಲದ ಕಾಗದಕ್ಕೆ ರುಜು ಹಾಕಬೇಡಿ" ಎಂದರು. ನಗುವಿನಿಂದ ತುಂಬಿದ್ದ ಅಂಗಳ ಒಂದು ಕ್ಷಣ ಮೌನವಾಯಿತು. ಯಜಮಾನರು ಮಡದಿಯ ಮುಖ ನೋಡಿದರು, ಅಕ್ಕನ ಮುಖ ನೋಡಿದರು, ಬಳಿಕ "ಆಗ್ಲಿ, ಕೇಳದೆ ಹಾಕಲ್ಲ" ಎಂದರು. ಅದನ್ನು ಇಪ್ಪತ್ತು ಜನ ಕೇಳಿದರು. ಸಾಕ್ಷಿ ಎಂದರೆ ಇದೇ. ಮಾತು ಕೊಟ್ಟವನು ಮರೆತರೆ ನಾಳೆ ಬೆಳಿಗ್ಗೆ ಅದೇ ಬೀದಿಯಲ್ಲಿ ನೆನಪಿಸಬಲ್ಲವರು ಸಾಕ್ಷಿಗಳು. ಹಣ ಕೊಟ್ಟು ಕರೆಸಿದ ಛಾಯಾಗ್ರಾಹಕ ಆ ಹೊಣೆ ಹೊರಲಾರ.

ಅವರು ಕಡಲಿಗೂ ಹೋದರು. ಕೆಲವು ವಾರಗಳ ಬಳಿಕ ಮಗ ತಂದೆತಾಯಿಗಳನ್ನು ಮಲ್ಪೆಯ ತೀರಕ್ಕೆ ಕರೆದೊಯ್ದ. ಅಲ್ಲಿ ಯಾವ ಸಮಾರಂಭವೂ ನಡೆಯಲಿಲ್ಲ. ತಾಯಿ ಸೆರಗು ಸಿಕ್ಕಿಸಿಕೊಂಡು ತೆರೆಯಲ್ಲಿ ಕಾಲು ನೆನೆಸಿದರು, ಉಪ್ಪುನೀರನ್ನು ನಾಲಿಗೆಗೆ ಮುಟ್ಟಿಸಿ ನಕ್ಕರು. ಕಡಲು ಅವರಿಗೆ ಕಡಲಾಗಿಯೇ ದೊರೆಯಿತು.

ಈ ಸಂದರ್ಭದಲ್ಲಿ ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯದಿರಲಾಗದು. ಪತಿ ಮಾರಯ್ಯನವರು ನಿತ್ಯ ತರುವಷ್ಟಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಶರಣೆ ಅವರು. ಅಕ್ಕಿ ಕೆಟ್ಟದ್ದಾಗಿರಲಿಲ್ಲ, ಅಗತ್ಯಕ್ಕೆ ಮೀರಿದ್ದಾಗಿತ್ತು. ವಿದೇಶದ ಕಡಲ ತೀರವೂ ಹಾಗೆಯೇ. ಅದು ಕೆಟ್ಟದ್ದಲ್ಲ. ಸಾಲವಿಲ್ಲದೆ ಹೋಗಿಬರುವ ಶಕ್ತಿಯಿದ್ದವರು, ಮಕ್ಕಳು ಮೊಮ್ಮಕ್ಕಳೆಲ್ಲ ಹೊರದೇಶದಲ್ಲಿಯೇ ನೆಲೆಸಿರುವವರು ಅಲ್ಲಿ ಕೂಡಿದರೆ ತಪ್ಪೇನೂ ಇಲ್ಲ. ಲಕ್ಕಮ್ಮನವರ ಪ್ರಶ್ನೆಯನ್ನು ಕೇಳಿಕೊಂಡು ಹೊರಟರೆ ಸಾಕು: ಇದು ಅಗತ್ಯವೋ, ಆಸೆಯೋ?

ಮರುಪ್ರತಿಜ್ಞೆಗೆ ಕಾನೂನಿನ ಗೊಡವೆಯಿಲ್ಲ. ಮೊದಲ ಮದುವೆಯನ್ನೇ ಹೊರದೇಶದಲ್ಲಿ ಮಾಡಬಯಸುವವರು ಮಾತ್ರ ಕೆಲವು ಸಂಗತಿಗಳನ್ನು ತಿಳಿದಿರಬೇಕು. 1955ರ ಹಿಂದೂ ವಿವಾಹ ಕಾಯಿದೆ ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿದೆ. ವಧು ಅಥವಾ ವರನ ಕಡೆಯ ಸಂಪ್ರದಾಯದ ವಿಧಿಗಳಿಂದ ನಡೆದ ಮದುವೆಯನ್ನು ಅದು ಮನ್ನಿಸುತ್ತದೆ. ವಿಧಿಯೇ ನಡೆಯದೆ ನೋಂದಣಿ ಪತ್ರವೊಂದರಿಂದಲೇ ಈ ಕಾಯಿದೆಯಡಿ ಮದುವೆಯಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಹೇಳಿತು. ಮದುವೆಯೆಂಬುದು ಹಾಡುಕುಣಿತ, ತಿಂದುಂಡು ಕುಡಿಯುವ ಸಂದರ್ಭವಲ್ಲವೆಂದೂ ಎಚ್ಚರಿಸಿತು. ಹೊರದೇಶದ ಭಾರತೀಯ ರಾಯಭಾರ ಕಚೇರಿಯಲ್ಲಿ 1969ರ ವಿದೇಶಿ ವಿವಾಹ ಕಾಯಿದೆಯಂತೆ ಮದುವೆಯಾಗಬೇಕಾದರೆ, ಇಬ್ಬರಲ್ಲಿ ಒಬ್ಬರಾದರೂ ನೋಟಿಸು ಕೊಡುವುದಕ್ಕೆ ಮುನ್ನ 30 ದಿನ ಅಲ್ಲಿ ವಾಸವಾಗಿರಬೇಕು. ಮೂರು ದಿನದ ಪ್ರವಾಸದಲ್ಲಿ ಇದು ಆಗುವ ಮಾತಲ್ಲ. ಮಾಲ್ಡೀವ್ಸಿನಂಥ ಕಡೆ ವಿಹಾರಧಾಮಗಳು ಪ್ರವಾಸಿಗಳಿಗೆ ಮಾಡಿಸುವುದು ಸಾಂಕೇತಿಕ ಸಮಾರಂಭವಷ್ಟೇ. ಆದ್ದರಿಂದ ಊರಿನಲ್ಲಿ ವಿಧಿವತ್ತಾಗಿ ಮದುವೆಯಾಗಿ, ನೋಂದಣಿ ಮಾಡಿಸಿಕೊಂಡು, ಬಳಿಕ ಪ್ರವಾಸ ಹೋಗುವುದೇ ಸುಗಮವಾದ ದಾರಿ. ಕಡಲೇ ಬೇಕೆಂದರೆ ಕನ್ನಡ ನಾಡಿಗೂ ಕಡಲುಂಟು: ಹೊನ್ನಾವರದ ಕಾಸರಕೋಡು ಮತ್ತು ಉಡುಪಿಯ ಪಡುಬಿದ್ರಿ ತೀರಗಳಿಗೆ 2020ರಲ್ಲಿ ನೀಲಿ ಬಾವುಟದ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಆ ನೀರು ನಡೆಯಲಾರದ ಅಕ್ಕನಿಗೂ ಕಾರಿನಲ್ಲಿ ಕುಳಿತು ಮುಟ್ಟುವಷ್ಟು ಹತ್ತಿರ.

ಸೋಲೂರಿನಿಂದ ಅದೇ ಹೆದ್ದಾರಿಯಲ್ಲಿ ಪಡುವಣಕ್ಕೆ ಹೊರಟರೆ ಕುಣಿಗಲ್ ದಾಟಿದ ಮೇಲೆ ಎಡೆಯೂರು ಸಿಗುತ್ತದೆ. ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿರುವ ಆ ಕ್ಷೇತ್ರದಲ್ಲಿ ಎಷ್ಟೋ ಬಡವರ ಮದುವೆಗಳು ಒಂದು ಬೆಳಗಿನಲ್ಲಿ ಮುಗಿಯುತ್ತವೆ, ಪ್ರಸಾದ ಸ್ವೀಕರಿಸಿ ಜನ ಬಸ್ಸು ಹತ್ತುತ್ತಾರೆ. ಅವುಗಳಲ್ಲಿ ಎಷ್ಟು ದಾಂಪತ್ಯಗಳು ಗಟ್ಟಿಯಾಗಿ ನಿಂತಿವೆಯೋ ಅವು ಕ್ಷೇತ್ರದ ಮಹಿಮೆಯ ಜೊತೆಗೆ ಆ ಗಂಡುಹೆಣ್ಣುಗಳ ನಿತ್ಯದ ನಡೆಯಿಂದಲೂ ನಿಂತಿವೆ. ಸ್ಥಳವೆಂಬುದು ಸ್ಥಾವರ, ಕೊಟ್ಟ ಮಾತು ಜಂಗಮ. ಮಾತು ಕೊಟ್ಟವರೊಡನೆ ಮನೆಗೆ ಬರುತ್ತದೆ, ಅಡುಗೆಮನೆಗೆ ಬರುತ್ತದೆ, ಹೊಲಕ್ಕೆ ಬರುತ್ತದೆ, ಕಾಗದಕ್ಕೆ ರುಜು ಹಾಕುವ ಕೈಯ ಹಿಂದೆ ಬಂದು ನಿಲ್ಲುತ್ತದೆ.

ಸದ್ಭಕ್ತರು ಪ್ರತಿನಿತ್ಯ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿಯಿಡುವುದು ದೀಕ್ಷೆಯ ದಿನ ಕೊಟ್ಟ ಮಾತನ್ನು ಹೊಸದು ಮಾಡಿಕೊಳ್ಳುವುದಕ್ಕಾಗಿ. ದಾಂಪತ್ಯಕ್ಕೂ ಅಂಥದೇ ನಿತ್ಯದ ನೋಟ ಬೇಕು. ನಲವತ್ತು ವರ್ಷಕ್ಕೊಮ್ಮೆ ಆಡುವ ಮಾತು ಒಳ್ಳೆಯದು, ಆದರೆ ದಿನಕ್ಕೊಮ್ಮೆ "ನಿನ್ನ ಅಭಿಪ್ರಾಯವೇನು?" ಎಂದು ಕೇಳುವುದು ಅದಕ್ಕಿಂತ ದೊಡ್ಡ ಮರುಪ್ರತಿಜ್ಞೆ. ಅದಕ್ಕೆ ಮುಹೂರ್ತವೂ ಬೇಡ, ವಿಮಾನವೂ ಬೇಡ.